ಹೂ ಕಿತ್ತವರ ಹೆಸರು

ಬಸ್ಸು ಬಂದು ನಿಂತ ಮೇಲೆಯೇ ಅವರಿಗೆ ಬೀರುವಿನ ಬೀಗ ನೆನಪಾಗುತ್ತಿತ್ತು. ಫುಟ್‌ಬೋರ್ಡಿನ ಮೇಲೆ ಇಟ್ಟ ಕಾಲನ್ನು ಹಾಗೇ ಹಿಂದಕ್ಕೆ ತೆಗೆದು, "ನೀನು ಹೋಗಮ್ಮ, ನಾನು ಒಂದ್ಸಲ ನೋಡ್ಕೊಂಡು ಬಂದ್ಬಿಡ್ತೀನಿ" ಎಂದು ಕಾಲೇಜಿನ ಕಡೆ ತಿರುಗುತ್ತಿದ್ದರು. ಕಂಡಕ್ಟರು ಸೀಟಿ ಊದುತ್ತಿದ್ದ. ಬೀಗ ಹಾಕಿದ್ದನ್ನು ನಾನು ಕಣ್ಣಾರೆ ನೋಡಿರುತ್ತಿದ್ದೆ, ಹಾಕಿದ ಮೇಲೆ ಎಳೆದು ನೋಡಿದ್ದನ್ನೂ ನೋಡಿರುತ್ತಿದ್ದೆ. ಹೇಳಿ ಪ್ರಯೋಜನವಿರಲಿಲ್ಲ. ಎಷ್ಟೋ ಸಂಜೆ ನಾನೂ ಬಸ್ಸು ಬಿಟ್ಟು ಅವರ ಹಿಂದೆಯೇ ನಡೆದು, ಕತ್ತಲ ಮಹಡಿಯಲ್ಲಿ ಅವರು ಒಂದೊಂದು ಬೀರುವಿನ ಹಿಡಿಯನ್ನೂ ಮುಟ್ಟಿ ನೋಡುವುದನ್ನು ಬಾಗಿಲಲ್ಲಿ ನಿಂತು ಕಾದಿದ್ದೇನೆ.

ನಾನು ಕಂಡವರಲ್ಲಿ ಅಷ್ಟು ಹೆದರಿಕೊಂಡು ಬದುಕಿದವರು ಇನ್ನೊಬ್ಬರಿಲ್ಲ. ಅವರು ತೀರಿಕೊಂಡ ಸುದ್ದಿ ಬಂದ ದಿನ ಕಾಲೇಜಿನಲ್ಲಿ ಒಂದು ಗಳಿಗೆ ಎದ್ದು ನಿಂತೆವು, ಆಮೇಲೆ ಮುಂದಿನ ಪೀರಿಯಡ್ಡಿನ ಗಂಟೆ ಹೊಡೆಯಿತು. ಅವರನ್ನು ಕಂಡಿದ್ದ ಅಧ್ಯಾಪಕರು ಆಗಲೇ ಇಬ್ಬರೋ ಮೂವರೋ ಉಳಿದಿದ್ದೆವು. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಹೆಸರು ಅಚ್ಚಾದ ಕಡೆಯೆಲ್ಲ ಅದು ಅವರಿಗೆ ಸಂಕಟವನ್ನೇ ಕೊಟ್ಟಿತ್ತು. ನಾವು ಕರೆಯುತ್ತಿದ್ದ ಹಾಗೆ ಮೇಡಂ ಅಂದರೆ ಸಾಕು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಎಂ.ಎಸ್ಸಿ. ಮುಗಿಸಿ ಜಯನಗರದ ಒಂದು ಹೆಣ್ಣುಮಕ್ಕಳ ಕಾಲೇಜಿಗೆ ಸಸ್ಯಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದೆ. ಮೇಡಂ ಆ ವಿಭಾಗದ ಮುಖ್ಯಸ್ಥೆ. ಐವತ್ತರ ಹತ್ತಿರದ ವಯಸ್ಸು, ಪುಟ್ಟ ಆಳು, ಹಣೆಯ ಮೇಲೆ ತೆಳುವಾಗಿ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಹತ್ತಿಸೀರೆಯ ಸೆರಗು. ತುಮಕೂರು ಕಡೆಯವರು. ಮದುವೆಯಾಗಿರಲಿಲ್ಲ. ಬನಶಂಕರಿ ಎರಡನೇ ಹಂತದಲ್ಲಿ, ಗಂಡನನ್ನು ಕಳೆದುಕೊಂಡ ಅಕ್ಕನ ಜೊತೆ ಇದ್ದರು. ನಮ್ಮ ಮನೆ ಅಲ್ಲಿಂದ ಮುಂದೆ, ಕತ್ರಿಗುಪ್ಪೆಯಲ್ಲಿ. ಹಾಗಾಗಿ ಇಬ್ಬರಿಗೂ ಒಂದೇ ಬಸ್ಸು.

ಕಾಲೇಜಿನ ಮೇಲಿನ ಮಹಡಿಯ ಕೊನೆಯ ಕೋಣೆ ನಮ್ಮ ಹರ್ಬೇರಿಯಂ. ಗಿಡಗಳನ್ನು ಪೇಪರಿನ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ದಾರದಿಂದ ಹೊಲಿದು, ಜಾತಿಯ ಪ್ರಕಾರ ಬೀರುಗಳಲ್ಲಿ ಜೋಡಿಸಿಡುವ ಜಾಗ. ಪ್ರತಿ ಹಾಳೆಯ ಕೆಳಗೆ ಬಲಮೂಲೆಯಲ್ಲಿ ಒಂದು ಚೀಟಿ. ಅದರಲ್ಲಿ ಗಿಡದ ಹೆಸರು, ಸಿಕ್ಕ ಊರು, ಸಿಕ್ಕ ಕಾಲ, ಕೊನೆಯ ಸಾಲಿನಲ್ಲಿ ಅದನ್ನು ಸಂಗ್ರಹಿಸಿದವರ ಹೆಸರು. ಬಾಗಿಲು ತೆರೆದರೆ ನುಸಿಗುಳಿಗೆಯ ವಾಸನೆ ಮುಖಕ್ಕೆ ಹೊಡೆಯುತ್ತಿತ್ತು. ಹುಡುಗಿಯರು ಮೂಗಿಗೆ ದುಪಟ್ಟಾ ಹಿಡಿದುಕೊಂಡೇ ಒಳಗೆ ಬರುತ್ತಿದ್ದರು.

ಹುಳ ಹತ್ತದಿರಲೆಂದು ಒಣಗಿದ ಗಿಡಗಳನ್ನು ಪಾದರಸದ ವಿಷ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದೆವು. ಆಗ ಎಲ್ಲ ಕಡೆ ಅದೇ ಪದ್ಧತಿ. ಆ ಟ್ರೇ ಹೊರಗೆ ಬಂತೆಂದರೆ ಮೇಡಂ ದಿನವಿಡೀ ನನ್ನ ಕೈಗಳನ್ನೇ ನೋಡುತ್ತಿದ್ದರು. "ಕೈ ತೊಳೆದ್ಯಾ? ಸೋಪ್ ಹಾಕಿ ತೊಳೆದ್ಯಾ? ಉಗುರಿನ ಸಂದಿ?" ಊಟದ ಡಬ್ಬಿ ತೆರೆಯುವ ಮುಂಚೆ ಮತ್ತೆ ಅದೇ. ನಾನು ಬಸುರಿಯಾದಾಗ ನನ್ನ ತಾಯಿಗಿಂತ ಮೊದಲು ಅವರಿಗೆ ಹೇಳಬೇಕಾಯಿತು, ಅಂದು ಟ್ರೇ ಕೆಲಸ ನನ್ನ ಪಾಲಿಗೆ ಬಂದಿತ್ತು. ಅವರು ಟ್ರೇಯನ್ನು ನನ್ನ ಮುಂದಿನಿಂದ ಎಳೆದುಕೊಂಡ ರಭಸಕ್ಕೆ ನೀರು ಚೆಲ್ಲಿ ಅವರದೇ ಸೀರೆ ಒದ್ದೆಯಾಯಿತು.

"ಇನ್ಮೇಲೆ ಈ ರೂಮಿಗೆ ಕಾಲಿಡ್ಬೇಡ. ಹೋದ ವಾರ ಮಾಡಿದ್ಯಲ್ಲ, ಆಗ ಗೊತ್ತಿತ್ತಾ ನಿಂಗೆ?"

"ಇರ್ಲಿಲ್ಲ ಮೇಡಂ. ಏನಾಗಲ್ಲ ಬಿಡಿ."

"ಏನಾಗಲ್ಲ ಅಂತ ಯಾರು ಹೇಳಿದ್ದು?"

ಆ ವಿಷದ ಕೆಲಸವನ್ನು ಆಮೇಲೆ ಅವರೊಬ್ಬರೇ ಮಾಡಿದರು. ಹೆರಿಗೆಯಾಗುವವರೆಗೂ ದಿನಾ ಬೆಳಿಗ್ಗೆ, "ಮಗು ಒದೀತಾ?" ಎಂದು ಕೇಳದೆ ಅಟೆಂಡೆನ್ಸ್ ಪುಸ್ತಕಕ್ಕೆ ಸಹಿ ಹಾಕಲಿಲ್ಲ. ಮಗಳು ಹುಟ್ಟಿದ ಮಾರನೆಯ ದಿನ ನರ್ಸಿಂಗ್ ಹೋಮಿಗೆ ಬಂದವರು ನನ್ನನ್ನು ಮಾತಾಡಿಸುವ ಮೊದಲು ಬಟ್ಟೆ ಬಿಡಿಸಿ, ಮಗುವಿನ ಕೈಬೆರಳು ಕಾಲ್ಬೆರಳು ಒಂದೊಂದನ್ನೂ ಮುಟ್ಟಿ ನೋಡಿದರು. ನೋಡಿ ಮುಗಿದ ಮೇಲೆ ಕುರ್ಚಿ ಎಳೆದುಕೊಂಡು ಕೂತು ನೀರು ಕೇಳಿದರು.

ಹುಡುಗಿಯರನ್ನು ಕರೆದುಕೊಂಡು ಸಾರಕ್ಕಿ ಕೆರೆಯ ಕಡೆಗೋ ಜೆ.ಪಿ. ನಗರದ ಆಚೆಯ ಬಯಲಿಗೋ ಗಿಡ ಸಂಗ್ರಹಕ್ಕೆ ಹೋಗುತ್ತಿದ್ದೆವು. ಆಗ ಅಲ್ಲೆಲ್ಲ ರಾಗಿ ಹೊಲ, ಕಲ್ಲು ನೆಟ್ಟ ಖಾಲಿ ಸೈಟುಗಳು. ಬೇರೆ ಕಾಲೇಜಿನ ಮಕ್ಕಳು ಚೀಲ ತುಂಬ ಗಿಡ ಕಿತ್ತು ತರುತ್ತಿದ್ದರೆ ನಮ್ಮವರು ಬರಿಗೈಯಲ್ಲಿ ಮೇಡಂ ಮುಖ ನೋಡುತ್ತ ನಿಂತಿರುತ್ತಿದ್ದರು.

"ಕೀಳೋಕೆ ಮುಂಚೆ ಸುತ್ತ ನೋಡ್ರಮ್ಮ. ಇನ್ನೂ ಇದ್ಯಾ? ಇದ್ರೆ ಒಂದು ತಗೊಳ್ಳಿ. ಇಲ್ದಿದ್ರೆ ನೋಡಿ ಬರ್ಕೊಳ್ಳಿ, ಸಾಕು."

"ತುಂಬೆ ಗಿಡ ಮೇಡಂ. ದಂಡಿಯಾಗಿದೆ."

"ದಂಡಿ ಅಂತ ಇಲ್ಲಿ ನಿಂತ್ಕೊಂಡೇ ಹೇಳ್ತೀಯಲ್ಲ. ಆ ಬದುವಿನವರ್ಗೂ ಹೋಗಿ ನೋಡ್ಕೊಂಡು ಬಾ."

ಹುಡುಗಿ ಹೋಗಿ ನೋಡಿಕೊಂಡು ಬರುತ್ತಿದ್ದಳು. ಹಿಂದೆ ಗೆಳತಿಯರು ಕಿಸಕ್ಕೆಂದು ನಗುತ್ತಿದ್ದರು. ನಾನೂ ಒಳಗೊಳಗೇ ನಕ್ಕಿದ್ದೇನೆ.

ಮನೆಯಲ್ಲೂ ಇದೇ ಕಥೆ. ಅವರ ಅಕ್ಕ ಎರಡು ಹೊತ್ತು ಲಿಂಗಪೂಜೆ ಮಾಡುವವರು. ಕಾಂಪೌಂಡಿನಲ್ಲಿ ಕಣಗಿಲೆ, ನಂದಿಬಟ್ಟಲು, ಒಂದು ಸಣ್ಣ ಪತ್ರೆಯ ಗಿಡ. ಭಾನುವಾರ ನಾನು ಹೋದರೆ ಅಕ್ಕನಿಂದ ದೂರು. "ಅರ್ಧ ಬಿಡಕ್ಕ, ಅರ್ಧ ಬಿಡಕ್ಕ ಅಂತ ಹಿಂದೇನೇ ಬರ್ತಾಳೆ. ಶಿವನಿಗೆ ಅರ್ಧ, ಗಿಡಕ್ಕೆ ಅರ್ಧ. ಇದೇನಮ್ಮ ನೀವು ಓದಿರೋ ಬಾಟನಿ?" ಮೇಡಂ ಅಡುಗೆಮನೆಯಿಂದ, "ಹಾಲು ಉಕ್ತಾ ಇದೆಯಾ ನೋಡ್ಬೇಕು ಅಕ್ಕ, ಸುಮ್ನಿರು" ಎನ್ನುತ್ತಿದ್ದರು. ಹಾಲು ಇನ್ನೂ ಒಲೆಯ ಮೇಲೆ ಇಟ್ಟೇ ಇರುತ್ತಿರಲಿಲ್ಲ.

ಇದೆಲ್ಲ ಅವರ ಸ್ವಭಾವ ಎಂದುಕೊಂಡಿದ್ದೆ. ಸ್ವಭಾವ ಹೌದು, ಆದರೆ ಅದಕ್ಕೆ ಒಂದು ಬೇರು ಇತ್ತೆಂದು ತಿಳಿದದ್ದು ಒಂದು ಮಳೆಯ ಮಧ್ಯಾಹ್ನ.

ಮಗಳಿಗೆ ವರ್ಷ ತುಂಬಿ ನಾನು ಮತ್ತೆ ಹರ್ಬೇರಿಯಂ ಕೆಲಸಕ್ಕೆ ಇಳಿದಿದ್ದೆ. ಜೋರು ಮಳೆಗೆ ಮಹಡಿಯ ತಾರಸಿ ಸೋರತೊಡಗಿತು. ಮೊದಲು ಒಂದು ಮೂಲೆ, ಆಮೇಲೆ ಗೋಡೆಯುದ್ದಕ್ಕೂ. ನಾನೂ ಅಟೆಂಡರೂ ಸೇರಿ ಬೀರುಗಳನ್ನು ಗೋಡೆಯಿಂದ ಎಳೆಯುತ್ತಿದ್ದೆವು. ಮೇಡಂ ನಮ್ಮ ನೆರವಿಗೆ ಬರಲಿಲ್ಲ. ನೇರ ಕೊನೆಯ ಬೀರುವಿಗೆ ಹೋಗಿ, ಒಂದು ಫೋಲ್ಡರ್ ತೆಗೆದು, ಎದೆಗವಚಿ ಮೇಲೆ ಸೆರಗು ಹೊದ್ದು ಕಾರಿಡಾರಿಗೆ ಹೋಗಿ ನಿಂತುಬಿಟ್ಟರು. ಅಲ್ಲಿದ್ದ ಸಾವಿರಾರು ಹಾಳೆಗಳಲ್ಲಿ ಅದೊಂದನ್ನೇ ಕೈಗೆತ್ತಿಕೊಂಡಿದ್ದು ನನಗೆ ವಿಚಿತ್ರವೆನಿಸಿತು. ಮಳೆ ನಿಂತು, ನೆಲ ಒರೆಸಿ, ಅಟೆಂಡರ್ ಕಾಫಿ ತರಲು ಹೋದ ಮೇಲೂ ಅವರು ಅದನ್ನು ಇಳಿಸಿರಲಿಲ್ಲ.

"ಅದ್ರಲ್ಲಿ ಏನಿದೆ ಮೇಡಂ?"

ಅವರು ಮೇಜಿನ ಮೇಲೆ ಒಣಬಟ್ಟೆ ಹಾಸಿ, ಫೋಲ್ಡರ್ ಬಿಡಿಸಿದರು.

ಗೇಣುದ್ದವೂ ಇಲ್ಲದ ಒಂದು ಗಿಡ. ಬೇರಿನ ಸಮೇತ. ಸಣ್ಣ ದಪ್ಪ ಎಲೆಗಳು, ಕಡ್ಡಿಯ ತುದಿಯಲ್ಲಿ ನಾಲ್ಕಾರು ಹೂಗಳು. ಬಣ್ಣ ಹೋಗಿ ಒಣಚಹಾದಂತಾಗಿತ್ತು. "ಬದುಕಿದ್ದಾಗ ತಿಳಿ ನೇರಳೆ" ಎಂದರು. ಚೀಟಿಯಲ್ಲಿ ರಾಜಸ್ಥಾನದ ಮರಳುಗಾಡಿನ ಒಂದು ಹಳ್ಳಿಯ ಹೆಸರಿತ್ತು. ಕೊನೆಯ ಸಾಲಿನಲ್ಲಿ ಅವರದೇ ಹೆಸರು.

ಅವರು ಹೇಳಿದ್ದು ಇಷ್ಟು. ಐವತ್ತರ ದಶಕದಲ್ಲಿ ಅವರು ಉತ್ತರದ ಒಂದು ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ಮಾಡುತ್ತಿದ್ದರು. ಗೈಡ್ ದೊಡ್ಡ ಹೆಸರಿನವರು. ಒಂದು ವರ್ಷ ಮರಳುಗಾಡಿಗೆ ಒಳ್ಳೆಯ ಮಳೆಯಾಯಿತೆಂದು ಲಾರಿ ಮಾಡಿಕೊಂಡು ಎಲ್ಲರೂ ಅಲ್ಲಿಗೆ ಹೋದರು. ಅಲ್ಲಿ ಮಳೆ ಬಿದ್ದ ಕೆಲವೇ ವಾರಗಳಲ್ಲಿ ಮೊಳೆತು, ಹೂಬಿಟ್ಟು, ಬೀಜ ಉದುರಿಸಿ ಸತ್ತುಹೋಗುವ ಗಿಡಗಳಿವೆ. ಒಂದು ಮರಳುದಿಬ್ಬದ ಹಿಂದಿನ ತಗ್ಗಿನಲ್ಲಿ ಮೇಡಂ ಕಣ್ಣಿಗೆ ಈ ಹೂವು ಬಿತ್ತು. ಯಾರೂ ಅದುವರೆಗೆ ಕಂಡಿರದ ಹೂವು. ಗೈಡ್ ಖುಷಿಯಿಂದ ಅವರ ಬೆನ್ನು ತಟ್ಟಿ, "ಎಷ್ಟಿದೆಯೋ ಅಷ್ಟೂ ತೆಗಿ. ಪ್ರಪಂಚದ ಎಲ್ಲ ದೊಡ್ಡ ಹರ್ಬೇರಿಯಂಗೂ ಒಂದೊಂದು ಕಳಿಸೋಣ" ಎಂದರು.

"ಸಂಜೆವರ್ಗೂ ಕಿತ್ತೆ ಕಣಮ್ಮ. ಹಾಡು ಹೇಳ್ಕೊಂಡು ಕಿತ್ತೆ. ನನ್ನ ಹೆಸರು ಎಲ್ಲಾ ಕಡೆ ಹೋಗುತ್ತೆ ಅಂತ ಎಷ್ಟು ಖುಷಿ. ಕಾಯಿ ಕಟ್ಟಿದ್ಯಾ, ಬೀಜ ಬಿದ್ದಿದ್ಯಾ ಅಂತ ಬಗ್ಗಿ ನೋಡ್ಲಿಲ್ಲ. ಎಲ್ಲಾ ಹೂವೇ. ಒಂದೂ ಕಾಯಿ ಇರ್ಲಿಲ್ಲ. ಅದು ಗೊತ್ತಾಗಿದ್ದು ಶೀಟಿಗೆ ಹೊಲಿಯೋವಾಗ."

ಮಾರನೆಯ ವರ್ಷ ಮಳೆಯಿಲ್ಲ. ಅದರ ಮುಂದಿನ ವರ್ಷ ಮಳೆಯಾಯಿತು, ಹೋಗಿ ನೋಡಿದರು. ತಗ್ಗಿನಲ್ಲಿ ಬೇರೆಲ್ಲ ಗಿಡಗಳಿದ್ದವು, ಅದಿರಲಿಲ್ಲ. ಆಮೇಲೆ ಬೇರೆಯವರು ಹೋದರು, ಅವರಿಗೂ ಸಿಗಲಿಲ್ಲ. ಮೇಡಂ ಸಂಶೋಧನೆಯನ್ನು ಹೇಗೋ ಮುಗಿಸಿ, ತಮ್ಮ ಪಾಲಿನ ಆ ಒಂದು ಹಾಳೆಯೊಂದಿಗೆ ಬೆಂಗಳೂರಿಗೆ ಬಂದುಬಿಟ್ಟರು.

"ಬೀಜ ಹಳೇದು ಮರಳಲ್ಲಿ ಇದ್ದಿರ್ಬಹುದಲ್ವಾ ಮೇಡಂ?" ಎಂದೆ.

"ಇದ್ದಿರ್ಬಹುದು. ಇಲ್ದೇನೂ ಇರ್ಬಹುದು." ಫೋಲ್ಡರ್ ಮುಚ್ಚಿದರು. "ಲಂಡನ್ನಲ್ಲಿದೆ, ಪ್ಯಾರಿಸ್ಸಲ್ಲಿದೆ, ಕಲ್ಕತ್ತಾದಲ್ಲಿದೆ. ಎಲ್ಲಾ ಬೀರೂಲೂ ಇದೆ. ನೆಲದಲ್ಲಿ ಮಾತ್ರ ಇಲ್ಲ. ಎಲ್ಲಾದ್ರ ಕೆಳಗೂ ನನ್ನ ಹೆಸರೇ."

ಅಂದಿನಿಂದ ಅವರ ಭಯದಲ್ಲಿ ನನಗೂ ಒಂದು ಪಾಲು ಬಂತು. ಅವರು ವರ್ಷಗಳಿಂದ ದೇಶವಿದೇಶದ ಹರ್ಬೇರಿಯಂಗಳಿಗೆ ಬರೆಯುತ್ತಿದ್ದರಂತೆ: ಈ ಗಿಡದ ಯಾವ ಹಾಳೆಗಳು ನಿಮ್ಮಲ್ಲಿವೆ, ನನ್ನ ನಂತರ ಯಾರಾದರೂ ಸಂಗ್ರಹಿಸಿದ್ದಾರೆಯೇ, ನನಗಿಂತ ಮೊದಲಿನದೇನಾದರೂ ಇದೆಯೇ? ಉತ್ತರ ಬಂದರೆ ಒಡೆಯಲು ಅವರಿಗೆ ಕೈ ಬರುತ್ತಿರಲಿಲ್ಲ. ಲಕೋಟೆಯನ್ನು ನನ್ನ ಮುಂದೆ ತಳ್ಳಿ ಕಿಟಕಿಯ ಹೊರಗೆ ನೋಡುತ್ತ ಕೂರುತ್ತಿದ್ದರು.

"ಏನಂತೆ?"

"ಒಂದು ಶೀಟಿದೆಯಂತೆ ಮೇಡಂ. ನಿಮ್ದೇ."

ಅವರು ತಲೆಯಾಡಿಸಿ, ಕ್ಲಾಸಿಗೆ ಹೊತ್ತಾಯಿತೆಂದು ಏಳುತ್ತಿದ್ದರು. ಪ್ರತಿ ಸಲವೂ ಅದೇ ಉತ್ತರ.

ಎಂಬತ್ತರ ದಶಕದ ಆರಂಭದಲ್ಲಿ ಒಬ್ಬ ತರುಣ ವಿಜ್ಞಾನಿ ಅವರನ್ನು ಹುಡುಕಿಕೊಂಡು ಕಾಲೇಜಿಗೆ ಬಂದ. ಬಿಸಿಲಿಗೆ ಸುಟ್ಟ ಮುಖ, ತೆಳ್ಳನೆಯ ಆಸಾಮಿ, ಮಾತು ಮೆಲು. ಮರಳುಗಾಡಿನ ಗಿಡಗಳಲ್ಲಿ ಅಪಾಯದಲ್ಲಿರುವವು ಯಾವುವು, ಅಳಿದೇಹೋದವು ಯಾವುವು ಎಂದು ಪುಸ್ತಕವೊಂದು ತಯಾರಾಗುತ್ತಿತ್ತು. ಅದರಲ್ಲಿ ಒಂದು ಭಾಗ ಅವನದು. ಈ ಹೂವಿನ ಮುಂದೆ ಅಳಿದದ್ದೆಂಬ ಗುರುತು ಹಾಕುವ ಮೊದಲು, ಅದನ್ನು ಜೀವಂತ ಕಂಡಿದ್ದವರನ್ನು ಕೇಳೋಣವೆಂದು ಬಂದಿದ್ದ. ಗೈಡ್ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಉಳಿದವರು ಮೇಡಂ ಒಬ್ಬರೇ.

ಅವನು ಬಂದ ಕಾರಣ ಕೇಳಿದ್ದೇ ಮೇಡಂ ಮುಖ ಬಿಳಿಚಿಕೊಂಡಿತು. ನಾನು ಅಟೆಂಡರಿಗೆ ಹೇಳಿ ಮೂವರಿಗೂ ಮಜ್ಜಿಗೆ ತರಿಸಿದೆ. ಅದನ್ನು ಮುಟ್ಟದೆ ಅವರು ಎಲ್ಲವನ್ನೂ ಅವನಿಗೆ ಹೇಳಿದರು, ನನಗೆ ಹೇಳಿದ್ದಕ್ಕಿಂತ ಕಟುವಾಗಿ. ಮಾತು ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ನಡೆಯಿತು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವನು ತಲೆ ತಗ್ಗಿಸಿ ಕೇಳಿ, "ಮೇಡಂ, ಒಂದು ಸಂಜೆ ಕಿತ್ತಿದ್ದಕ್ಕೇ ಒಂದು ಜಾತಿ ಮುಗಿದುಹೋಗುವುದಾದರೆ ಅದು ಆಗಲೇ ಕೊನೆಯ ಉಸಿರಲ್ಲಿತ್ತು ಅಂತ ಅರ್ಥ" ಎಂದ.

"ಆ ಮಾತನ್ನು ನೀವು ಹೇಳಬಹುದು. ನನಗೆ ನಾನೇ ಹೇಳಿಕೊಳ್ಳೋಕೆ ಆಗಲ್ಲ" ಎಂದರು ಮೇಡಂ.

ಹೊರಡುವಾಗ ಅವನು, "ಪುಸ್ತಕ ಅಚ್ಚಿಗೆ ಹೋಗಲು ಇನ್ನೂ ಕೆಲವು ವರ್ಷ ಇದೆ. ಮಳೆಯಾದಾಗಲೆಲ್ಲ ನಾನು ಹುಡುಕುತ್ತೇನೆ" ಎಂದು ಮಾತು ಕೊಟ್ಟ.

ಹುಡುಕುತ್ತೇನೆ ಎಂಬ ಆ ಒಂದು ಮಾತು ಅವರ ನೆಮ್ಮದಿಯನ್ನು ಪೂರ್ತಿ ತೆಗೆದುಬಿಟ್ಟಿತು. ಇಲ್ಲ ಎಂಬ ಉತ್ತರಕ್ಕೆ ಅವರು ಒಗ್ಗಿಹೋಗಿದ್ದರು. ಇದ್ದರೂ ಇರಬಹುದು ಎಂಬುದು ಹೊಸದು. ಜುಲೈ ಬಂತೆಂದರೆ ಪತ್ರಿಕೆಯಲ್ಲಿ ದೇಶದ ಹವಾಮಾನದ ಸಣ್ಣ ಅಕ್ಷರಗಳನ್ನು ಹುಡುಕಿ ಓದುವರು. ಜೋಧಪುರದಲ್ಲಿ ಮೋಡ, ಜೈಸಲ್ಮೇರಿನಲ್ಲಿ ಒಣಹವೆ. ಪಾಠದ ನಡುವೆ ಒಂದು ಪದ ಮರೆತು ನಿಂತುಬಿಡುವರು. ರಕ್ತದೊತ್ತಡಕ್ಕೆ ಮಾತ್ರೆ ಶುರುವಾಯಿತು.

ಒಂದು ಮಧ್ಯಾಹ್ನ ಅವರ ಅಕ್ಕ ಆಟೋ ಮಾಡಿಕೊಂಡು ಕತ್ರಿಗುಪ್ಪೆಗೆ, ನಮ್ಮ ಮನೆಗೇ ಬಂದರು.

"ಏನಾಗಿದೆಯಮ್ಮ ಅವಳಿಗೆ? ನಿಂಗೆ ಗೊತ್ತಿರುತ್ತೆ. ಎದ್ದ ತಕ್ಷಣ ರಾಜಸ್ಥಾನದಲ್ಲಿ ಮಳೆ ಬಂತಾ ಅಂತಾಳೆ. ನಮ್ಮ ನಲ್ಲೀಲಿ ನೀರು ಬಂತಾ ಅಂತ ಒಂದಿನ ಕೇಳ್ಲಿಲ್ಲ. ಅಲ್ಲಿ ಯಾರಿದಾರೆ ಅವಳಿಗೆ?"

ಕೊನೆಯ ಪ್ರಶ್ನೆಯನ್ನು ಅವರು ಕೇಳಿದ ರೀತಿಯಲ್ಲೇ ಅವರ ಅನುಮಾನ ಏನೆಂದು ತಿಳಿಯಿತು. ಮದುವೆ ಬೇಡವೆಂದ ತಂಗಿ, ಹಿಂದೆ ಉತ್ತರದಲ್ಲಿ ಕಳೆದ ವರ್ಷಗಳು. ನಾನು ಹೂವಿನ ಕಥೆ ಹೇಳಿದೆ. ಅವರು ಸೋಫಾದ ತುದಿಯಲ್ಲಿ ಕೂತು ಕೇಳಿದರು.

"ಹೂವಾ?" ಎಂದರು ಕೊನೆಗೆ.

"ಹೂಂ ಅಮ್ಮ."

"ನನ್ನ ಹತ್ರ ಒಂದು ಮಾತು ಹೇಳ್ಬಾರ್ದಿತ್ತಾ? ನಾನು ದಿನಾ ಬುಟ್ಟಿ ಹಿಡ್ಕೊಂಡು ಅವಳ ಕಣ್ಮುಂದೇನೇ ಕೀಳ್ತಿದ್ನಲ್ಲ." ಕಣ್ಣೊರೆಸಿಕೊಂಡು ಎದ್ದರು. ಕಾಫಿ ಬೇಡವೆಂದರು. ಆಮೇಲೆ ಆ ಮನೆಯಲ್ಲಿ ಪೂಜೆಗೆ ಒಂದೇ ಹೂವು ಇರುತ್ತಿತ್ತು, ಉಳಿದದ್ದೆಲ್ಲ ಪತ್ರೆ. ಇಬ್ಬರೂ ಅದರ ಬಗ್ಗೆ ಮಾತಾಡಿದ್ದನ್ನು ನಾನು ಕೇಳಲಿಲ್ಲ.

ಮೇಡಂ ನಿವೃತ್ತಿಯಾಗುವ ವರ್ಷ ಪಶ್ಚಿಮದಲ್ಲಿ ಭಾರೀ ಮಳೆಯಾಯಿತು. ಆ ತಿಂಗಳು ಅವರು ಊಟದ ಡಬ್ಬಿಯನ್ನು ಹಾಗೇ ವಾಪಸು ಒಯ್ದ ದಿನಗಳೇ ಹೆಚ್ಚು. ಒಂದು ದಿನ, ಸಂಜೆ ಕಾಲೇಜು ಬಿಡುವ ಹೊತ್ತಿಗೆ, ಆಫೀಸಿನ ಗುಮಾಸ್ತರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದರು. "ಮೇಡಂ, ಟ್ರಂಕ್ ಕಾಲ್. ರಾಜಸ್ಥಾನದಿಂದ. ಬೇಗ ಬನ್ನಿ, ಲೈನ್ ಕಟ್ಟಾಗುತ್ತೆ."

ಮೇಡಂ ಮೆಟ್ಟಿಲಿಳಿಯುವಾಗ ನಾನು ತೋಳು ಹಿಡಿದುಕೊಂಡಿದ್ದೆ. ಆಫೀಸಿನಲ್ಲಿ ಪ್ರಿನ್ಸಿಪಾಲರು, ಗುಮಾಸ್ತರು, ಟಿ.ಸಿ. ತೆಗೆದುಕೊಳ್ಳಲು ಬಂದಿದ್ದ ಒಬ್ಬ ಹುಡುಗಿ ಮತ್ತು ಅವಳ ತಂದೆ. ಲೈನು ಎಷ್ಟು ಕೆಟ್ಟದಾಗಿತ್ತೆಂದರೆ ಆ ಕಡೆಯ ದನಿ ಕಿರುಚಿಕೊಂಡು ಬರುತ್ತಿತ್ತು, ಪಕ್ಕದಲ್ಲಿ ನಿಂತ ನನಗೂ ಕೇಳುತ್ತಿತ್ತು.

"ಮೇಡಂ, ಸಿಕ್ಕಿದೆ. ನಿಮ್ಮ ಹೂವು ಸಿಕ್ಕಿದೆ."

ಅವರು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಸಂತೋಷ ಪಡಲಿಲ್ಲ. ಮೊದಲ ಪ್ರಶ್ನೆ, "ಎಷ್ಟು ಕಿತ್ತಿರಿ?"

"ಒಂದೂ ಇಲ್ಲ. ಅದನ್ನು ಕೇಳೋಕೇ ಫೋನ್ ಮಾಡಿದ್ದು. ಬೆರಳಲ್ಲಿ ಎಣಿಸುವಷ್ಟು ಗಿಡ ಇವೆ. ಒಂದಾದರೂ ತರದಿದ್ದರೆ ಪುಸ್ತಕದವರು ಒಪ್ಪಲ್ಲ. ಫೋಟೋದಲ್ಲಿ ಹೂವಿನ ಒಳಭಾಗ ಕಾಣಲ್ಲ, ಇದೇ ಥರದ ಬೇರೆ ಗಿಡ ಅಂದುಬಿಡ್ತಾರೆ. ಶೀಟ್ ಇದ್ದರೆ ಮಾತ್ರ ದಾಖಲೆ. ನೀವು ಹೇಳಿ, ಒಂದು ತೆಗೆಯಲಾ?"

ಮೇಡಂ ಕೇಳಿದರು, "ಕಾಯಿ ಕಟ್ಟಿದೆಯಾ?"

"ಕೆಳಗಿನ ಹೂವು ಒಂದೆರಡು ಕಟ್ಟುತ್ತಿವೆ. ಇನ್ನೂ ಹಸಿರು, ಬಲಿತಿಲ್ಲ."

"ಹಾಗಾದ್ರೆ ಬೇಡ."

"ಒಂದೇ ಒಂದು ಹೂವು?"

"ಒಂದು ಹೂವು ಅಂದ್ರೆ ಒಂದು ಕಾಯಿ. ಬೇಡ."

ನನಗೆ ತಡೆಯಲಾಗಲಿಲ್ಲ. ಸೆರಗು ಹಿಡಿದು ಎಳೆದೆ. "ಮೇಡಂ, ಒಂದೇ ಒಂದು. ಒಂದು ತಗೊಂಡ್ರೆ ನಿಮ್ಮ ಮೇಲಿರೋದು ಹೋಗುತ್ತೆ. ಇಷ್ಟು ವರ್ಷ ಇದಕ್ಕೇ ಕಾದಿದ್ದು ನೀವು." ಅವರು ನನ್ನ ಕಡೆ ನೋಡಿದರು. ಬೇಡಿಕೊಳ್ಳುತ್ತಿದ್ದಂತಿತ್ತು ಆ ನೋಟ, ನನ್ನ ಮಾತು ಅವರಿಗೂ ಬೇಕಾಗಿದ್ದಂತೆ. ಒಂದು ಕ್ಷಣ ಅವರು ಹೂಂ ಎನ್ನುತ್ತಾರೆಂದೇ ಅನ್ನಿಸಿತು. ಆ ಕಡೆಯಿಂದ ಹಲೋ, ಹಲೋ ಎನ್ನುತ್ತಿದ್ದ.

"ಇದ್ದೀನಿ" ಎಂದರು ಮೇಡಂ. "ನಿಮಗೂ ನಷ್ಟ ಅಂತ ಗೊತ್ತು. ಹುಡುಕಿದ್ದು ನೀವು, ನಿಮ್ಮ ಹೆಸರು ಬರಬೇಕಿತ್ತು. ಆದ್ರೂ ಬೇಡ. ಬಿಟ್ಟು ಬನ್ನಿ."

ಆ ಕಡೆ ಬರೀ ಗರಗರ ಸದ್ದು. ಆಮೇಲೆ, "ಸರಿ ಮೇಡಂ. ಜಾಗವನ್ನಾದರೂ ಬರೆದುಕೊಳ್ಳಿ. ಇದು ನಿಮ್ಮ ಹಳ್ಳಿಯಲ್ಲ, ಅಲ್ಲಿಂದ ದೂರ, ಪಶ್ಚಿಮಕ್ಕೆ..."

"ಹೇಳ್ಬೇಡಿ." ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ನನಗೂ ಹೇಳ್ಬೇಡಿ. ಯಾರಿಗೂ ಬೇಡ. ಜಾಗದ ಹೆಸರು ಒಂದು ಕಡೆ ಬರೆದ್ರೆ ಮುಂದಿನ ಮಳೆಗೆ ಅಲ್ಲಿಗೆ ಲಾರಿ ಬರುತ್ತೆ. ನಾನು ಆ ಲಾರೀಲಿ ಹೋದವಳು."

ಅವನು ಇನ್ನೇನೋ ಹೇಳುತ್ತಿದ್ದಾಗ ಲೈನು ಕಡಿಯಿತು. ಮೇಡಂ ರಿಸೀವರ್ ಇಟ್ಟು, ಪ್ರಿನ್ಸಿಪಾಲರಿಗೆ ಥ್ಯಾಂಕ್ಸ್ ಹೇಳಿ ಹೊರಗೆ ಬಂದರು. ಟಿ.ಸಿ.ಗೆ ಬಂದಿದ್ದ ಹುಡುಗಿಯ ತಂದೆ ಗುಮಾಸ್ತರನ್ನು, "ಯಾರಿಗೆ ಸಾರ್ ಏನಾಯ್ತು?" ಎಂದು ಮೆಲ್ಲಗೆ ಕೇಳುತ್ತಿದ್ದರು.

ಆ ಸಂಜೆ ನಾವು ಬಸ್ಸು ಹತ್ತದೆ ನಡೆದೇ ಹೊರಟೆವು. ನನಗೆ ಕೋಪ ಬಂದಿತ್ತು, ಮೇಡಂ ಮೇಲೋ ಆ ಪುಸ್ತಕದವರ ಮೇಲೋ ತಿಳಿಯದು. ಅರ್ಧ ದಾರಿಯಲ್ಲಿ ಅವರು ಗಕ್ಕನೆ ನಿಂತರು.

"ಮೇಕೆ."

"ಏನು ಮೇಡಂ?"

"ಮೇಕೆ ಬರುತ್ತಾ ಅಲ್ಲಿಗೆ ಅಂತ ಕೇಳ್ಲೇ ಇಲ್ಲ. ಅಯ್ಯೋ. ಕಾಯಿ ಬಲಿಯೋಕೆ ಇನ್ನೂ ಹತ್ತು ಹದಿನೈದು ದಿನ ಬೇಕು. ಅಷ್ಟರಲ್ಲಿ ಒಂದು ಮೇಕೆ ಹಿಂಡು ಬಂದ್ರೆ ಸಾಕಲ್ಲ." ಅಲ್ಲೇ ರಸ್ತೆಬದಿಯ ಕಲ್ಲಿನ ಮೇಲೆ ಕೂತುಬಿಟ್ಟರು. "ತಪ್ಪು ಮಾಡಿದ್ನಾ? ಒಂದನ್ನ ತೆಗಿ ಅಂದಿದ್ರೆ ಒಂದಾದ್ರೂ ಉಳೀತಿತ್ತಾ, ಬೀರೂಲಾದ್ರೂ?"

ನಾನು ಪಕ್ಕದಲ್ಲಿ ಕೂತೆ. ಅವರ ಕೈ ಹಿಡಿದುಕೊಂಡೆ.

ಮುಂದಿನ ಎರಡು ವರ್ಷ ಮರಳುಗಾಡಿಗೆ ಮಳೆಯೇ ಬರಲಿಲ್ಲ. ಆ ತರುಣನಿಗೆ ಬೇರೆ ರಾಜ್ಯಕ್ಕೆ ವರ್ಗವಾಯಿತೆಂದು ಒಂದು ಕಾರ್ಡು ಬಂತು. ಅದರಲ್ಲಿ ಜಾಗದ ಸುದ್ದಿ ಇರಲಿಲ್ಲ. ಕಾಯಿ ಬಲಿತವೋ, ಮೇಕೆ ಬಂದವೋ, ಅದೂ ಇರಲಿಲ್ಲ. ಬೀಜ ಉದುರುವವರೆಗೆ ಅವನಿಗೆ ಅಲ್ಲಿ ಕಾದು ನಿಲ್ಲಲು ರಜೆ ಸಿಕ್ಕಿರಲಾರದು. ಮೇಡಂ ನಿವೃತ್ತರಾಗಿ ಮನೆಯಲ್ಲಿದ್ದರು. ಹವಾಮಾನದ ಅಂಕಣ ಓದುವುದು ತಪ್ಪಲಿಲ್ಲ. ನಾನು ಹೋದಾಗಲೆಲ್ಲ ಮಗಳ ಕೆಮ್ಮು, ನಮ್ಮ ಮನೆಯ ಗ್ಯಾಸ್ ಸಿಲಿಂಡರಿನ ರಬ್ಬರು, ನಾನು ರಸ್ತೆ ದಾಟುವ ರೀತಿ, ಒಂದೊಂದನ್ನೂ ವಿಚಾರಿಸಿಕೊಳ್ಳುತ್ತಿದ್ದರು.

ಪುಸ್ತಕ ಅಚ್ಚಾಗಿ ಬಂದ ಭಾನುವಾರ ನಾನು ಅಲ್ಲೇ ಇದ್ದೆ. ಕಂದು ಕಾಗದದ ಕಟ್ಟು ಹಿಂದಿನ ದಿನವೇ ಬಂದು ಮೇಜಿನ ಮೇಲಿತ್ತು. ಅಕ್ಕ ಒಳಗೆ ಅವರೆಕಾಳು ಬಿಡಿಸುತ್ತಿದ್ದರು. ಮೇಡಂ ದಾರ ಬಿಚ್ಚಿ, ಕನ್ನಡಕ ಏರಿಸಿ, ಅನುಕ್ರಮಣಿಕೆಯಲ್ಲಿ ಹುಡುಕಿ ಪುಟ ತೆಗೆದರು. ನಾನು ಭುಜದ ಮೇಲಿಂದ ಓದಿದೆ. ಹೂವಿನ ಹೆಸರು. ಅದರ ಮುಂದೆ ಅಳಿದದ್ದೆಂಬ ಗುರುತು. ಅದರ ಹಾಳೆಗಳಿರುವ ಹರ್ಬೇರಿಯಂಗಳು ಸಾಲಾಗಿ, ಕೊನೆಯಲ್ಲಿ ನಮ್ಮ ಕಾಲೇಜೂ. ಕಡೆಯದಾಗಿ ಸಂಗ್ರಹಿಸಿದವರು ಎಂದು ಬರೆದು ಅವರ ಹೆಸರು, ಇನಿಷಿಯಲ್ ಸಮೇತ, ಒಂದಕ್ಷರ ತಪ್ಪಿಲ್ಲದೆ. ಅವರು ಆ ಸಾಲುಗಳನ್ನು ಬೆರಳಿಟ್ಟು ಎರಡು ಸಲ ಓದಿದರು.

"ಏನೇ ಅದು?" ಎಂದು ಅಕ್ಕ ಒಳಗಿನಿಂದ ಕೂಗಿದರು.

"ಪುಸ್ತಕ ಅಕ್ಕ. ನನ್ನ ಹೆಸರು ಬಂದಿದೆ."

"ಹೌದಾ? ಒಳ್ಳೇದು ಬರ್ದಿದಾರಾ?"

ಮೇಡಂ ಪುಟ ಮುಚ್ಚಲಿಲ್ಲ. "ಇಲ್ಲಕ್ಕ" ಎಂದರು. "ಸುಳ್ಳು ಬರ್ದಿದಾರೆ. ಇರ್ಲಿ ಬಿಡು."